ಅಮಲಳ ಹಾಲುತುಪ್ಪ

ಬದುಕಿರುವ ಮಗಳಿಗೆ ಶಿಲುಬೆ ನೆಟ್ಟವನು ಆ ಸೀಮೆಯಲ್ಲೇ ಬಡಗಿ ಚೌರಪ್ಪ ಒಬ್ಬನೇ.

ಮಗಳು ಅಮಲ ಹೊಳೆ ದಾಟಿ ಹೋದಳು, ಹರಿಗೋಲು ಹಾಕುವ ಸಿದ್ದರಾಜುವಿನ ಜೊತೆ. ಹೋಗುವುದು ಹೋದಳು, ಅದೂ ನಿಶ್ಚಿತಾರ್ಥಕ್ಕೆ ನೆಂಟರು ಬಂದಿಳಿದು, ಕೋಳಿ ಸಾರು ಒಲೆಯ ಮೇಲೆ ಕುದಿಯುತ್ತಿರುವಾಗ. ಸಾರನ್ನು ಯಾರೂ ಬಿಡಲಿಲ್ಲ. ಉಂಡು, ಕೈ ತೊಳೆಯುವ ಮೊದಲೇ ಸುದ್ದಿ ಹಂಚಿದರು.

ಮಾರನೆಯ ದಿನ ಚೌರಪ್ಪ ಬೇವಿನ ಮರದಲ್ಲಿ ಶಿಲುಬೆ ಮಾಡಿದ. ಮಗಳ ಹೆಸರು ಕೆತ್ತಿ ಸಮಾಧಿ ತೋಟದಲ್ಲಿ ನೆಟ್ಟ.

"ನನ್ನ ಪಾಲಿಗೆ ಅವಳು ಸತ್ತಳು. ಅವಳ ಬಾಗಿಲು ತುಳಿದವರು ನನ್ನ ಬಾಗಿಲು ತುಳಿಯಬೇಡಿ" ಅಂದ.

ಫಾದರು ಅದನ್ನು ಕೀಳಿಸಲು ಬಂದರು. ಚೌರಪ್ಪ ಮರ ಕೆತ್ತುವ ಬಾಚಿ ಹಿಡಿದು ನಿಂತ. ಫಾದರಿಗೆ ಬೇರೇನೋ ಕೆಲಸ ನೆನಪಾಯಿತು.

ಹೆಂಡತಿ ಲೂರ್ದಮ್ಮ ಪಕ್ಕದಲ್ಲೇ ಇದ್ದಳು. ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ಬೇಡ ಅನ್ನಲಿಲ್ಲ.

ಹೊಳೆದಂಡೆಯಲ್ಲಿ ಆಗ್ನೇಸಮ್ಮನ ಆಶ್ರಮ. ಆಶ್ರಮ ಅಂದರೆ ಒಂದು ಹಂಚಿನ ಕೋಣೆ, ಒಂದು ನುಗ್ಗೆ ಮರ, ಅಷ್ಟೇ. ಕಾನ್ವೆಂಟು ಬಿಟ್ಟು ಬಂದು ಕಾವಿ ಸೀರೆ ಉಟ್ಟ ಮುದುಕಿ ಆಕೆ. ಯಾಕೆ ಬಿಟ್ಟಳು? ಮದರಿಗೆ ಎದುರು ಮಾತಾಡಿದಳಂತೆ ಅಂತ ಕೆಲವರು. ಬಿಷಪ್ಪರಿಗೇ ಬೈದಳಂತೆ ಅಂತ ಕೆಲವರು. ಬಾವಿಕಟ್ಟೆಯ ಹೆಂಗಸರ ಹತ್ತಿರ ಇನ್ನೂ ರುಚಿಯಾದ ಕಾರಣ ಇತ್ತು, ಕೇಳುವವರು ಕಿವಿ ಹತ್ತಿರ ತಂದರೆ.

ಲೂರ್ದಮ್ಮ ದಿನಾ ಬೆಳಗ್ಗೆ ಅಲ್ಲಿಗೆ ಹೋಗುತ್ತಿದ್ದಳು. ಕಸ ಗುಡಿಸಿ, ಆಗ್ನೇಸಮ್ಮನ ಎದುರು ಕೂತು ಯೇಸುಸ್ವಾಮಿಯ ಕಥೆ ಕೇಳುತ್ತಿದ್ದಳು. ಅಕ್ಷರ ಬಾರದವಳು. ಕೇಳಿದ್ದನ್ನು ಮಾತ್ರ ಮರೆಯುತ್ತಿರಲಿಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ದಿನ ಮೀನು ಮಾರುವ ಕೆಂಪಿ ಆಚೆ ದಡದ ಸುದ್ದಿ ತಂದಳು. ಅಮಲಳ ಮೊದಲ ಕೂಸು ಕೈಗೆ ಹತ್ತಲಿಲ್ಲವಂತೆ. ಈಗ ಮತ್ತೆ ತುಂಬು ಬಸುರಿಯಂತೆ. ಸಿದ್ದರಾಜುವಿಗೆ ತಾಯಿ ಇಲ್ಲ, ಅಕ್ಕ ತಂಗಿ ಇಲ್ಲ. ಮನೆಯಲ್ಲಿ ಒಂದು ಚೊಂಬು ಬಿಸಿನೀರು ಕೊಡುವ ಹೆಣ್ಣು ದಿಕ್ಕಿಲ್ಲ.

ಆ ಬೆಳಗ್ಗೆ ಲೂರ್ದಮ್ಮ ಪೊರಕೆ ಮುಟ್ಟಲಿಲ್ಲ.

"ಅಮ್ಮ, ನಿಮ್ಮ ದೇವರಿಗೆ ಕಿವಿ ಇಲ್ಲ."

"ನಿನ್ನೆವರೆಗೆ ನಮ್ಮ ದೇವರಾಗಿದ್ದ. ಇವತ್ತು ನನಗೊಬ್ಬಳಿಗೇ ಕಟ್ಟಿಬಿಟ್ಟೆಯಲ್ಲೇ!"

"ತಪಸ್ಸುಕಾಲದ ನಲವತ್ತು ದಿನ ಪೂರ್ತಿ ಉಪವಾಸ ಇದ್ದು ಬೇಡಿಕೊಂಡೆ. ಯೇಸುಸ್ವಾಮಿ ಎದ್ದು ಬಂದ ಪಾಸ್ಕ ಹಬ್ಬವೂ ಬಂದು ಹೋಯ್ತು."

"ಏನಂತ ಬೇಡಿಕೊಂಡೆ?"

"ಅವರ ಮನಸ್ಸು ಕರಗಿಸಪ್ಪ ಅಂತ."

"ಕರಗಿತಾ?"

"ಕರಗೋದಾ! ನಿನ್ನೆ ಹೋಗಿ ಆ ಶಿಲುಬೆಗೆ ಎಣ್ಣೆ ಹಚ್ಚಿ ಬಂದವ್ರೆ. ಗೆದ್ದಲು ಹಿಡೀಬಾರದಂತೆ."

ಆಗ್ನೇಸಮ್ಮ ನಕ್ಕುಬಿಟ್ಟಳು.

"ನಗಬೇಡಿ ಅಮ್ಮ. ಮೊದಲನೇ ಕೂಸು ಹೋಯ್ತು. ಇದೂ ಹೋದರೆ? ಅವಳೇ ಹೋದರೆ? ನಾಳೆಯಿಂದ ನಾನು ಬರಲ್ಲ. ತಗೊಳ್ಳಿ ಇದನ್ನ."

ಕೊರಳಿನ ಜಪಸರ ತೆಗೆದು ಮುದುಕಿಯ ಮಡಿಲಿಗೆ ಹಾಕಿದಳು.

ಆಗ್ನೇಸಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಒಳ್ಳೇದೇ ಆಯ್ತು. ನಂದು ಕಿತ್ತುಹೋಗಿತ್ತು" ಅಂತ ತನ್ನ ಕೊರಳಿಗೇ ಹಾಕಿಕೊಂಡಳು.

ಲೂರ್ದಮ್ಮನಿಗೆ ಅಳು ಬಂತು. ಆಗ್ನೇಸಮ್ಮ ಅದನ್ನು ನೋಡದವಳಂತೆ ಕೇಳಿದಳು.

"ಅದಿರಲಿ, ನಿಮ್ಮ ಕಡೆ ಸತ್ತವರಿಗೆ ಮೂರನೇ ದಿನ ಏನು ಮಾಡ್ತೀರಿ?"

"ಹಾಲುತುಪ್ಪ. ಗೋರಿ ಮೇಲೆ ಹಾಲು ತುಪ್ಪ ಬಿಟ್ಟು, ಸತ್ತವರಿಗೆ ಇಷ್ಟವಾದ್ದು ಎಡೆ ಇಡ್ತೀವಿ. ನಿಮಗೆ ಗೊತ್ತಿಲ್ವಾ?"

"ಅಮಲಂಗೆ ಮಾಡಿದಿರಾ?"

"ಅಯ್ಯೋ, ಬದುಕಿರೋರಿಗೆ ಯಾರಾದರೂ ಹಾಲುತುಪ್ಪ ಬಿಡ್ತಾರಾ!"

"ಶಿಲುಬೆ ನೆಡಬಹುದು, ಹಾಲುತುಪ್ಪ ಬಿಡಬಾರದು. ಯಾವೂರ ನ್ಯಾಯವೇ ಇದು? ಅರ್ಧಕ್ಕೆ ನಿಂತ ಕೆಲಸ. ಹೋಗು, ಹಾಲು ತುಪ್ಪ ತಗೊಂಡು ಬಾ. ಅವಳಿಗೆ ಏನಿಷ್ಟವೋ ಅದನ್ನೂ ಮಾಡ್ಕೊಂಡು ಬಾ."

"ಗೋರಿ ಹತ್ತಿರಕ್ಕಾ?"

"ಸತ್ತೋಳು ಎಲ್ಲಿದಾಳೋ ಅಲ್ಲಿಗೆ."

ಲೂರ್ದಮ್ಮ ಹೊಳೆಯ ಆಚೆ ನೋಡಿದಳು. ಆಮೇಲೆ ತನ್ನ ಮನೆಯ ಕಡೆ ನೋಡಿದಳು.

"ಅವರು ನನ್ನನ್ನ ಮನೆಗೆ ಸೇರಿಸಲ್ಲ ಅಮ್ಮ."

"ಸೇರಿಸದೇ ಇರಬಹುದು."

"ಅವಳೂ ಬಾಗಿಲು ತೆಗೀದಿದ್ರೆ? ಶಿಲುಬೆ ನೆಡುವಾಗ ನಾನು ಅಲ್ಲೇ ನಿಂತಿದ್ದೆ."

"ತೆಗೀದೇನೂ ಇರಬಹುದು."

"ಮತ್ತೆ ಯಾಕೆ ಹೋಗಲಿ?"

"ಮಗ್ದಲದ ಮರಿಯ ಯಾಕೆ ಹೋದಳೇ, ಜೊತೆಯವರನ್ನ ಕರ್ಕೊಂಡು? ಯೇಸುಸ್ವಾಮಿ ಗೋರಿಗೆ?"

ಇದು ಲೂರ್ದಮ್ಮನಿಗೆ ಬಾಯಿಪಾಠ. "ಮೈಗೆ ಸುಗಂಧ ಹಚ್ಚೋಕೆ. ಮೂರನೇ ದಿನ ಬೆಳಗ್ಗೆ..." ಅಂದವಳು ಅಲ್ಲೇ ನಿಂತಳು. "ಅಮ್ಮ! ಅವರೂ ಹಾಲುತುಪ್ಪಕ್ಕೇ ಹೋಗಿದ್ದಾ!"

"ಸತ್ತೋನು ಎದ್ದಿದಾನೆ ಅಂತ ಅವರಿಗೆ ಗೊತ್ತಿತ್ತಾ?"

"ಇಲ್ಲ."

"ದಾರೀಲಿ ಏನು ಮಾತಾಡಿಕೊಂಡರು?"

"ಗೋರಿ ಬಾಗಿಲಲ್ಲಿ ಅಷ್ಟು ದೊಡ್ಡ ಬಂಡೆ ಅದೆಯಲ್ಲ, ಸರಿಸೋರು ಯಾರು ಅಂತ."

"ಯಾರು ಅಂತ ದಾರೀಲಿ ಗೊತ್ತಾಯ್ತಾ?"

"ಇಲ್ಲ."

"ವಾಪಸು ಬಂದುಬಿಟ್ಟರಾ?"

ಲೂರ್ದಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮನೆ ಕಡೆ ನಡೆದಳು.

ಅಮಲಳಿಗೆ ಕೋಡುಬಳೆ ಅಂದರೆ ಪ್ರಾಣ. ಎಣ್ಣೆಗೆ ಕೋಡುಬಳೆ ಬಿದ್ದದ್ದೇ ತಡ, ಅಕ್ಕಪಕ್ಕದ ಹೆಂಗಸರು ಬೇಲಿಗೆ ಬಂದರು. ಹಬ್ಬವಿಲ್ಲ, ಹರಿದಿನವಿಲ್ಲ, ಚೌರಪ್ಪನ ಮನೆಯಲ್ಲಿ ಕರಿಯುವ ವಾಸನೆ! ಒಬ್ಬಳಂತೂ ಒಲೆಯ ಮೇಲೆ ಅನ್ನ ಬಿಟ್ಟು ಬಂದಿದ್ದಳು. ತಳ ಹಿಡಿದದ್ದು ಸಂಜೆಯವರೆಗೂ ಅವಳ ಗಮನಕ್ಕೆ ಬರಲಿಲ್ಲ.

ಲೂರ್ದಮ್ಮ ಗಂಟು, ತಂಬಿಗೆ ಹಿಡಿದು ಹೊಸ್ತಿಲು ದಾಟಿದಳು. ಅಂಗಳದಲ್ಲಿ ಚೌರಪ್ಪ ಮರ ಕೆತ್ತುತ್ತಿದ್ದ.

"ಎಲ್ಲಿಗೆ?"

"ಹಾಲುತುಪ್ಪಕ್ಕೆ."

"ಯಾರು ಸತ್ತರು?"

"ನಮ್ಮ ಅಮಲ. ನೀವೇ ಅಲ್ವಾ ಹೇಳಿದ್ದು?"

ಎತ್ತಿದ ಬಾಚಿ ಎತ್ತಿದಂತೆಯೇ ನಿಂತಿತು. ಬೇಲಿಯ ಹತ್ತಿರ ಯಾರೋ ಕಿಸಕ್ಕೆಂದರು. ಸುಳ್ಳು ಅನ್ನುವ ಹಾಗಿಲ್ಲ, ಸತ್ತಿಲ್ಲ ಅನ್ನುವ ಹಾಗೂ ಇಲ್ಲ. ಊರಿನಲ್ಲಿ ಯಾರಿಗೂ ಬಗ್ಗದ ಬಾಯಿ ಅದು, ತೆರೆದದ್ದು ತೆರೆದೇ ಇತ್ತು.

ಅವನು ಬಾಯಿ ಮುಚ್ಚುವ ಮೊದಲೇ ಲೂರ್ದಮ್ಮ ಹೊಳೆಯ ದಾರಿ ಹಿಡಿದಿದ್ದಳು. ತಂಬಿಗೆಯ ಹಾಲು ದಾರಿಯುದ್ದಕ್ಕೂ ತುಳುಕಿತು.

ಹರಿಗೋಲಿನಲ್ಲಿ ಅತ್ತೆ ಅಳಿಯನ ಮುಖ ನೋಡಲಿಲ್ಲ. ಅಳಿಯ ಅತ್ತೆಯ ಮುಖ ನೋಡಲಿಲ್ಲ. ಸಿದ್ದರಾಜು ಹುಟ್ಟು ಹಾಕುತ್ತಾ ನೀರನ್ನೇ ನೋಡುತ್ತಿದ್ದ. ಆಶ್ರಮದಿಂದ ಜೊತೆಗೆ ಹೊರಟು ಇಬ್ಬರ ನಡುವೆ ಕೂತ ಆಗ್ನೇಸಮ್ಮ ಗಂಟಿಗೆ ಕೈ ಹಾಕಿ ಒಂದು ಕೋಡುಬಳೆ ಮುರಿದು ಬಾಯಿಗಿಟ್ಟಳು.

"ಅಮ್ಮ! ಅದು ಎಡೆಗೆ!"

"ಉಪ್ಪು ಸರಿಯಾಗಿದೆ."

ಆಚೆ ದಡದಲ್ಲಿ ಒಂದು ಗುಡಿಸಲು. ಬಾಗಿಲಲ್ಲಿ ಅಮಲ. ಮುಂದೆ ಹೊಟ್ಟೆ, ಹಿಂದೆ ಅವಳು. ಮುಖದಲ್ಲಿ ರಕ್ತವಿಲ್ಲ.

"ಏನವ್ವ, ಸತ್ತೋಳ ಮನೆಗೆ ಬಂದುಬಿಟ್ಟೆ?"

ಲೂರ್ದಮ್ಮ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಒಂದೂ ಉಳಿದಿರಲಿಲ್ಲ.

"ಹಾಲುತುಪ್ಪಕ್ಕೆ ಬಂದೆ ಕಣವ್ವ."

ಅಮಲ ತಂಬಿಗೆ ನೋಡಿದಳು. ಗಂಟು ನೋಡಿದಳು. ಅಳುತ್ತಾಳೋ ನಗುತ್ತಾಳೋ ಅವಳಿಗೇ ಗೊತ್ತಾಗಲಿಲ್ಲ.

"ತಲೆ ಮೇಲೆ ಬಿಡ್ತೀಯೋ, ಬಾಯಿಗೇ ಕೊಡ್ತೀಯೋ?"

"ನಿಂತು ನೋಡ್ತಾ ಇದ್ದೆ ಕಣೆ. ನೆಡಬೇಡಿ ಅಂತ ಒಂದು ಮಾತು ಆಡಲಿಲ್ಲ ನಾನು."

"ಗೊತ್ತವ್ವ. ತಿಂಗಳುಗಟ್ಟಲೆ ಅದನ್ನೇ ನೆನೆಸ್ಕೊಂಡು ಅತ್ತಿದೀನಿ. ಇವತ್ತು ನಿಂತ್ಕೊಳ್ಳೋಕಾಗಲ್ಲ, ಕಾಲು ಊದ್ಕೊಂಡದೆ. ಒಳಗೆ ಬಾ."

ಒಳಗೆ ಅಮಲ ಕೋಡುಬಳೆ ತಿಂದಳು, ಹಾಲು ಕುಡಿದಳು. ಲೂರ್ದಮ್ಮ ಒಲೆ ಹಚ್ಚಿ ನೀರಿಟ್ಟಳು. ಬೆರಳ ತುದಿಗೆ ತುಪ್ಪ ಹಚ್ಚಿಕೊಂಡು ಮಗಳ ಊದಿದ ಪಾದ ನೀವತೊಡಗಿದಳು. ಅಂಗೈ ಕೆಳಗೆ ಪಾದ ಬೆಚ್ಚಗಿತ್ತು. ಬಿಡಲು ಮನಸ್ಸಾಗಲಿಲ್ಲ. ಸತ್ತವರ ಎಡೆ ಸತ್ತವರೇ ಕೂತು ಉಂಡದ್ದನ್ನು ಆ ಹೊಳೆ ಅವತ್ತೇ ಮೊದಲು ಕಂಡದ್ದು.

ಅಷ್ಟರಲ್ಲಿ ಊರ ಕಡೆಯ ದಡದಿಂದ ಕೂಗು ಕೇಳಿತು.

"ಓ... ಹರಿಗೋಲೂ..."

ಲೂರ್ದಮ್ಮನ ಕೈ ಮಗಳ ಪಾದದ ಮೇಲೆಯೇ ನಿಂತಿತು. ಆ ದನಿಯ ಜೊತೆ ಸಂಸಾರ ಮಾಡಿದವಳು, ಬೇರೆ ಯಾರದೋ ಅಂದುಕೊಳ್ಳುವ ಹಾಗಿರಲಿಲ್ಲ.

ಸಿದ್ದರಾಜು ಹೊರಗೆ ಹೋಗಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. "ಮಾವ. ಒಬ್ಬರೇ ನಿಂತವ್ರೆ. ಕೈಯಲ್ಲಿ ಏನೋ ಹಿಡ್ಕೊಂಡವ್ರೆ."

"ಬಾಚಿ! ಬಾಚೀನೇ ಅದು!" ಲೂರ್ದಮ್ಮ ಎದ್ದಳು, ಮತ್ತೆ ಕೂತಳು. "ಯೇಸುವೇ, ನನ್ನಪ್ಪ, ಕೈ ಬಿಡಬೇಡ" ಅಂದಳು. ದೇವರಿಗೆ ಕಿವಿ ಇಲ್ಲ ಅಂತ ಬೆಳಗ್ಗೆ ಹೇಳಿದ ಬಾಯೇ ಅದು. "ಅಮ್ಮ, ಬಾಚಿಯೋ, ಹಾಲಿನ ತಂಬಿಗೆಯೋ? ಹೇಳಿ ಅಮ್ಮ, ಏನು ಹಿಡ್ಕೊಂಡು ಬಂದಿರಬಹುದು?"

ಸಿದ್ದರಾಜು ಹುಟ್ಟು ಹಿಡಿದು ಮುದುಕಿಯ ಮುಖ ನೋಡುತ್ತಾ ನಿಂತ. ಅಮಲಳೂ ನೋಡಿದಳು.

ಆಗ್ನೇಸಮ್ಮ ಮಡಿಲಿನ ಕೋಡುಬಳೆ ಚೂರು ಕೊಡವಿದಳು.

"ಇಲ್ಲಿಂದ ಕಾಣಲ್ಲ ಕಣೆ. ಹರಿಗೋಲು ಕಳಿಸು."