ಒರೆಯ ಮೇಲಿನ ಕಚ್ಚುಗಳು

ಮಡಿಕೇರಿಯ ಬೆಳ್ಯಪ್ಪನವರಿಗೆ ಹಳೆಯ ಆಯುಧಗಳನ್ನು ಕೂಡಿಡುವ ಗೀಳು. ಅವರ ಗಾಜಿನ ಕಪಾಟಿನಲ್ಲಿ ಒಂದು ಚೀನಾ ಪಿಸ್ತೂಲೂ, ಅದನ್ನು ಯುದ್ಧಕಾಲವೆಲ್ಲ ಹೊತ್ತು ತಿರುಗಿದ ಮರದ ಒರೆಯೂ ಅಕ್ಕಪಕ್ಕ ಮಲಗಿದ್ದವು. ಜರ್ಮನ್ ಪಿಸ್ತೂಲನ್ನು ನೋಡಿ ಚೀನಾದ ಯಾವುದೋ ದಂಡನಾಯಕನ ಕಾರ್ಖಾನೆಯಲ್ಲಿ ಅವಸರಕ್ಕೆ ಮಾಡಿದ ನಕಲು ಅದು.

ನೆಂಟರು ಬಂದಾಗಲೆಲ್ಲ ಬೆಳ್ಯಪ್ಪನವರು ಒರೆಯ ಮೇಲಿನ ಕಚ್ಚುಗಳನ್ನು ಬೆರಳಿಂದ ಸವರಿ, "ಒಂದೊಂದು ಕಚ್ಚಿಗೂ ಒಂದೊಂದು ತಲೆ ಉರುಳಿದೆ" ಎನ್ನುತ್ತಿದ್ದರು. ಪಕ್ಕದಲ್ಲಿದ್ದ, ಕೊಡವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿಗೆ ಕೇಳಲೆಂದು ಪಿಸ್ತೂಲು ಆ ಮಾತನ್ನು ಇನ್ನೊಮ್ಮೆ ಹೇಳುತ್ತಿತ್ತು. ಕೇಳಿ ಕೇಳಿ ಒರೆಗೆ ಸಾಕುಸಾಕಾಗಿತ್ತು.

ಒಂದು ದಿನ ಪಿಸ್ತೂಲು ಕೇಳಿತು: "ನನ್ನ ಕೀರ್ತಿಯನ್ನು ಮೈಮೇಲೆ ಹೊತ್ತಿದ್ದೀಯೆ. ಆದರೂ ನಿನಗೇಕೆ ಸಂತೋಷವಿಲ್ಲ?"

"ಅದು ನಿನ್ನ ಕೀರ್ತಿಯಲ್ಲ," ಎಂದಿತು ಒರೆ. "ನಮ್ಮನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದ ಸಿಪಾಯಿ, ಅನ್ನ ಸಿಗದೆ ಮಲಗಿದ ದಿನಕ್ಕೊಂದರಂತೆ ಕಚ್ಚು ಹಾಕುತ್ತಿದ್ದ. ಇಷ್ಟು ವರ್ಷ ಸುಮ್ಮನಿದ್ದೆ. ಇನ್ನು ಆಗದು."

ಪಿಸ್ತೂಲು ಮೆಲ್ಲಗೆ ಕೇಳಿತು: "ಹಾಗಾದರೆ ನನ್ನಿಂದ ಒಬ್ಬನೂ ಸಾಯಲಿಲ್ಲವೆ?"

"ಒಬ್ಬ ಸತ್ತ. ಅಂದು ಶತ್ರು ಎದುರಿಗೇ ಬಂದು ನಿಂತ. ನಿನ್ನನ್ನು ನಂಬಿ ಸಿಪಾಯಿ ಟ್ರಿಗರ್ ಒತ್ತಿದ. ಗುಂಡು ನಿನ್ನ ಗಂಟಲಲ್ಲೇ ಸಿಕ್ಕಿಕೊಂಡಿತು."

"ಆ ಸಾವಿಗೆ ನಿನ್ನ ಮೇಲೆ ಕಚ್ಚು ಎಲ್ಲಿದೆ?"

"ಇಲ್ಲ," ಎಂದಿತು ಒರೆ. "ಕಚ್ಚು ಹಾಕುತ್ತಿದ್ದವನೇ ಸತ್ತನಲ್ಲ."