ದರ್ಜಿಯ ಅಳತೆ ಪುಸ್ತಕ

“ಒಪ್ಪಿಗೆ ಕೊಟ್ಟವರ ವಸ್ತುವನ್ನು ಆ ಒಪ್ಪಿಗೆಯ ಪ್ರಕಾರವೇ ಬಳಸಿಕೊಂಡರೆ ಅದರಲ್ಲಿ ದೋಷವುಂಟೇ, ಬುದ್ಧಿ?” ಎಂದು ಗಂಗಾಂಬಿಕೆ ಕೇಳಿದಳು.

ಮಠದ ಹಿರಿಯ ಸ್ವಾಮಿಗಳು, “ಒಪ್ಪಿಗೆ ಯಾರದು, ವಸ್ತು ಯಾವುದು, ಅದನ್ನು ಮೊದಲು ಹೇಳು ತಾಯಿ. ಕಡತದ ಮೇಲಿನ ತಲೆಬರಹವನ್ನಷ್ಟೇ ಓದಿದರೆ ನನಗೇನು ತಿಳಿದೀತು?” ಎಂದರು.

ಗಂಗಾಂಬಿಕೆ ಹೇಳಿದಳು. ಅವಳದು ರವಿಕೆ ಹೊಲಿಸಿಕೊಡುವ ವ್ಯಾಪಾರ. ಬೀದಿಯಲ್ಲಿ ಅಂಗಡಿ ಇಲ್ಲ, ಇರುವುದೆಲ್ಲ ಇಂಟರ್ನೆಟ್ಟಿನಲ್ಲಿ. ಊರೂರಿನ ಹೆಂಗಸರು ಮನೆಯಲ್ಲೇ ಟೇಪು ಹಿಡಿದು ತಮ್ಮ ಅಳತೆ ತೆಗೆದುಕೊಂಡು ಫೋನಿನಲ್ಲಿ ತುಂಬುತ್ತಾರೆ. ಬಟ್ಟೆ ಕೊರಿಯರಿನಲ್ಲಿ ಬರುತ್ತದೆ, ರವಿಕೆ ಕೊರಿಯರಿನಲ್ಲಿ ಹೋಗುತ್ತದೆ. ಆರು ವರ್ಷಗಳಲ್ಲಿ ಹನ್ನೊಂದು ಸಾವಿರ ಹೆಂಗಸರ ಅಳತೆ ಅವಳಲ್ಲಿ ಸೇರಿದೆ. ನಲವತ್ತು ಹೆಂಗಸರು ಅವಳ ಕೈಕೆಳಗೆ ಹೊಲಿಯುತ್ತಾರೆ. ಈಗ ಸಿದ್ಧ ಉಡುಪಿನ ದೊಡ್ಡ ಕಂಪನಿಯೊಂದು ಆ ಅಳತೆಗಳನ್ನು ಹೆಸರು, ಫೋನ್ ನಂಬರಿನ ಸಮೇತ ಕೇಳುತ್ತಿದೆ. ಕೊಟ್ಟರೆ ತನ್ನ ರವಿಕೆಗಳನ್ನೆಲ್ಲ ಅವಳಲ್ಲೇ ಹೊಲಿಸುತ್ತದೆ. ಕೊಡದಿದ್ದರೆ ತಾನೇ ಇಂಥದೊಂದು ವ್ಯಾಪಾರ ತೆರೆಯುತ್ತದೆ. ಅದರ ಎದುರು ನಿಲ್ಲುವ ಶಕ್ತಿ ಅವಳಿಗಿಲ್ಲ. ನಲವತ್ತು ಯಂತ್ರಗಳೂ ನಿಂತ ಹಾಗೆಯೇ. ನಾಳೆ ಸಹಿ ಆಗಬೇಕು.

“ಆ ಹೆಂಗಸರು ಒಪ್ಪಿದ್ದಾರೆಯೇ?”

“ಒಪ್ಪಿದ್ದಾರೆ, ಬುದ್ಧಿ. ಷರತ್ತುಗಳ ಕೆಳಗೆ ‘ಒಪ್ಪಿಗೆ’ ಎಂದು ಒಂದು ಗುಂಡಿ ಇದೆ. ಅದನ್ನು ಒತ್ತದೆ ಮುಂದಕ್ಕೆ ಹೋಗುವುದಕ್ಕೇ ಆಗುವುದಿಲ್ಲ. ಹನ್ನೊಂದು ಸಾವಿರ ಜನವೂ ಒತ್ತಿದ್ದಾರೆ.”

“ಷರತ್ತು ಎಷ್ಟುದ್ದ ಇದೆ?”

“ಇಪ್ಪತ್ತಮೂರು ಪುಟ.”

“ನೀನು ಓದಿದ್ದೀಯಾ?”

ಗಂಗಾಂಬಿಕೆ ಸೆರಗು ಸರಿಪಡಿಸಿಕೊಂಡಳು. “ವಕೀಲರು ಓದಿದ್ದಾರೆ, ಬುದ್ಧಿ.”

“ಹಾಗಾದರೆ ಓದದೆ ಒಪ್ಪಿದವರು ಹನ್ನೊಂದು ಸಾವಿರದ ಒಂದು ಮಂದಿ,” ಎಂದು ಸ್ವಾಮಿಗಳು ನಕ್ಕರು. “ವಕೀಲರು ಏನೆನ್ನುತ್ತಾರೆ?”

“ಕಾನೂನು ಈಗ ಮೊದಲಿಗಿಂತ ಬಿಗಿಯಾಗಿದೆಯಂತೆ. ಆದರೂ ಒಪ್ಪಿಗೆ ಪಡೆದಿದ್ದೇವೆ ಎಂದು ವಾದಿಸಬಹುದು ಎಂದರು.”

ಅವಳು ಬಂದಿದ್ದುದು ಆಶೀರ್ವಾದ ಪಡೆದುಕೊಂಡು ಹೋಗುವುದಕ್ಕೆ. ಅದನ್ನು ನೇರವಾಗಿ ಕೇಳಲು ಬಾಯಿ ಬಾರದೆ ಪ್ರಶ್ನೆ ಮಾಡಿ ಕೇಳಿದ್ದಳು. ಸ್ವಾಮಿಗಳು ಅವಳನ್ನು ಹನ್ನೆರಡನೆಯ ವಯಸ್ಸಿನಿಂದ ಬಲ್ಲವರು. ಅವರು ಆಶೀರ್ವಾದಕ್ಕೆ ಕೈ ಎತ್ತಲಿಲ್ಲ. “ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ,” ಎಂದು ತೊಡಗಿದರು.

ಆ ಊರಿಗೆ ಅವನೊಬ್ಬನೇ ದರ್ಜಿ. ಕೈ ಚೊಕ್ಕಟ, ಮಾತು ಕಡಿಮೆ. ಹೆಂಗಸರ ಅಳತೆಯನ್ನು ಪರದೆಯ ಒಳಗೆ ಅವನ ಹೆಂಡತಿ ತೆಗೆಯುತ್ತಿದ್ದಳು. ಅವಳು ಒಳಗಿನಿಂದ ಅಂಕಿ ಹೇಳುವಳು, ಇವನು ಹೊರಗೆ ಕುಳಿತು ಬರೆದುಕೊಳ್ಳುವನು. ಅದಕ್ಕೊಂದು ಪುಸ್ತಕ ಇಟ್ಟಿದ್ದ. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಹಾಳೆಯ ನೆತ್ತಿಯಲ್ಲಿ ಅವರು ಹೊಲಿಸಿದ ಬಟ್ಟೆಯ ಒಂದು ತುಣುಕನ್ನು ಅಂಟಿಸುತ್ತಿದ್ದ; ಅದರ ಕೆಳಗೆ ಹೆಸರು, ತಾರೀಖು, ಎದೆ, ಸೊಂಟ, ತೋಳು. ಯಾರು ಬಸುರಿ, ಯಾರು ಬಾಣಂತಿ, ಯಾರ ಮೈ ಇಳಿಯಿತು, ಯಾರದು ಏರಿತು ಎಂಬುದು ಊರಿಗಿಂತ ಮೊದಲು ಆ ಪುಸ್ತಕಕ್ಕೆ ತಿಳಿಯುತ್ತಿತ್ತು. ಆದರೆ ಅದು ಪುಸ್ತಕದಿಂದ ಆಚೆಗೆ ಬರುತ್ತಿರಲಿಲ್ಲ. ಆದ್ದರಿಂದಲೇ ಹೆಂಗಸರು ನಿಶ್ಚಿಂತೆಯಿಂದ ಪರದೆಯ ಒಳಗೆ ಹೋಗುತ್ತಿದ್ದರು.

ಹೀಗಿರುವಾಗ ಒಬ್ಬ ಜವಳಿ ವ್ಯಾಪಾರಿ ದರ್ಜಿಯ ಬಳಿಗೆ ಬಂದ. “ನಿನ್ನ ಪುಸ್ತಕವನ್ನು ಎಂಟು ದಿನದ ಮಟ್ಟಿಗೆ ನನಗೆ ಕೊಡು. ಯಾವ ಮನೆಗೆ ಎಷ್ಟುದ್ದದ ರವಿಕೆ ಕಣ ಬೇಕೆಂದು ತಿಳಿದರೆ ಅಷ್ಟೇ ಕತ್ತರಿಸಿ ತರಿಸುತ್ತೇನೆ. ನನ್ನ ಅಂಗಡಿಯ ಕಣಗಳೆಲ್ಲ ಹೊಲಿಗೆಗೆ ನಿನ್ನಲ್ಲಿಗೇ ಬರುತ್ತವೆ. ಕೊಡದಿದ್ದರೆ ನಿನ್ನಿಷ್ಟ, ಪಕ್ಕದ ಊರಿನಿಂದ ಇನ್ನೊಬ್ಬ ದರ್ಜಿಯನ್ನು ಕರೆತಂದು ನನ್ನ ಜಗುಲಿಯಲ್ಲೇ ಕೂಡಿಸುತ್ತೇನೆ,” ಎಂದ.

ದರ್ಜಿ ಎರಡು ದಿನ ಯೋಚಿಸಿದ. ಮೂರನೆಯ ದಿನ ಅರ್ಜಿ ಬರೆಯುವವನೊಬ್ಬನ ಹತ್ತಿರ ಹೋದ. ಅರ್ಜಿ ಬರೆಯುವವನು ಒಂದು ಉಪಾಯ ಹೇಳಿದ. ಬಟ್ಟೆ ಕೊಟ್ಟವರಿಗೆ ದರ್ಜಿ ಗುರುತಿಗಾಗಿ ಒಂದು ಚೀಟಿ ಕೊಡುತ್ತಿದ್ದ; ಅದರ ಹಿಂಬದಿ ಖಾಲಿ ಇತ್ತು. ದರ್ಜಿ ಅಲ್ಲಿ ಸಣ್ಣ ಅಕ್ಷರದಲ್ಲಿ ಹೀಗೆ ಬರೆಸಿದ: ‘ಅಳತೆಯ ಪುಸ್ತಕ ಅಂಗಡಿಯದು. ಅಂಗಡಿಯವನು ಅದನ್ನು ತನಗೆ ಸರಿಕಂಡಂತೆ ಬಳಸಬಹುದು. ಚೀಟಿ ಪಡೆದವರು ಇದಕ್ಕೆ ಒಪ್ಪಿದಂತೆ.’

ಹಬ್ಬದ ಕಾಲ. ಒಂದು ತಿಂಗಳಲ್ಲಿ ಊರಿನ ಹೆಂಗಸರೆಲ್ಲ ಬಟ್ಟೆ ಕೊಟ್ಟರು, ಚೀಟಿ ಪಡೆದರು, ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದರು. ಒಬ್ಬಳೂ ಚೀಟಿಯನ್ನು ಮಗುಚಿ ನೋಡಲಿಲ್ಲ. ಮಗುಚಿದ್ದರೂ ಓದಬಲ್ಲವರು ಅವರಲ್ಲಿ ನಾಲ್ಕೈದು ಮಂದಿ. ಹಬ್ಬ ಮುಗಿದ ಮೇಲೆ ದರ್ಜಿ ಪುಸ್ತಕವನ್ನು ವ್ಯಾಪಾರಿಗೆ ಕೊಟ್ಟ.

ವ್ಯಾಪಾರಿ ಹೇಳಿದಂತೆಯೇ ಕಣದ ಲೆಕ್ಕ ಬರೆದುಕೊಂಡ. ಆದರೆ ಕೈಗೆ ಬಂದ ಪುಸ್ತಕವನ್ನು ಬೇಕಾದಷ್ಟೇ ಓದಿ ಮುಚ್ಚುವವರು ಎಲ್ಲಿದ್ದಾರೆ? ಅವನ ತಂಗಿಯ ಮಗನಿಗೆ ಅದೇ ಊರಿನ ಒಬ್ಬ ಹುಡುಗಿಯನ್ನು ಗೊತ್ತುಮಾಡಿದ್ದರು. ವೀಳ್ಯ ಬದಲಾಯಿಸಿ ಆಗಿತ್ತು. ಅವಳ ಹಾಳೆ ಬಂದಾಗ ವ್ಯಾಪಾರಿ ನಿಂತ. ದೀಪಾವಳಿಯ ಅಳತೆಗಿಂತ ಸಂಕ್ರಾಂತಿಯದು ಕಡಿಮೆ. ಸಂಕ್ರಾಂತಿಯದಕ್ಕಿಂತ ಯುಗಾದಿಯದು ಇನ್ನೂ ಕಡಿಮೆ. ಅವನು ತಂಗಿಗೆ ಹೇಳಿಕಳುಹಿಸಿದ: “ಹುಡುಗಿ ಸವೆಯುತ್ತಿದ್ದಾಳೆ. ಒಳಗೆ ಏನೋ ಕಾಯಿಲೆ ಇದೆ.” ಸಂಬಂಧ ಮುರಿಯಿತು. ‘ಏನೋ ಕಾಯಿಲೆ’ ಎಂಬುದು ನಾಲ್ಕು ಬಾಯಿ ದಾಟುವಷ್ಟರಲ್ಲಿ ಕ್ಷಯವಾಯಿತು. ಬೇರೆ ಕಡೆಯ ಸಂಬಂಧದವರೂ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ನಿಜ ಇಷ್ಟೇ. ಹುಡುಗಿಯ ತಾಯಿ ಆರು ತಿಂಗಳು ಹಾಸಿಗೆ ಹಿಡಿದಿದ್ದಳು. ಅವಳ ಆರೈಕೆಯಲ್ಲಿ ಹುಡುಗಿ ಒಂದು ಹೊತ್ತು ಉಂಡರೆ ಒಂದು ಹೊತ್ತು ಇಲ್ಲ. ತಾಯಿ ಎದ್ದು ಓಡಾಡತೊಡಗಿದ್ದಳು. ಮಗಳ ಮೈ ಮತ್ತೆ ತುಂಬುತ್ತಿತ್ತು. ಅಳತೆ ಪುಸ್ತಕದಲ್ಲಿ ಅದನ್ನು ಬರೆಯುವುದಕ್ಕೆ ಜಾಗ ಇರಲಿಲ್ಲ.

“ಪಾಪ,” ಎಂದಳು ಗಂಗಾಂಬಿಕೆ. ಕೂಡಲೇ ಸೇರಿಸಿದಳು: “ಆದರೆ ಬುದ್ಧಿ, ಅದು ವ್ಯಾಪಾರಿಯ ತಪ್ಪು. ದರ್ಜಿ ಕೊಟ್ಟದ್ದು ಕಣದ ಲೆಕ್ಕಕ್ಕೆ.”

“ದರ್ಜಿಯೂ ಪಂಚಾಯಿತಿಯಲ್ಲಿ ಅದೇ ಮಾತನ್ನು ಹೇಳಿದ,” ಎಂದರು ಸ್ವಾಮಿಗಳು.

ಹುಡುಗಿಯ ತಂದೆ ದೂರು ಕೊಟ್ಟಿದ್ದ. ಪಟೇಲರು ಚಾವಡಿಯಲ್ಲಿ ಕುಳಿತು ಎಲ್ಲರನ್ನೂ ಕರೆಸಿದರು, ಪುಸ್ತಕವನ್ನೂ ತರಿಸಿದರು. ತಂದೆ ಅತ್ತ. ದರ್ಜಿ ಅಳಲಿಲ್ಲ, ಕೂಗಾಡಲಿಲ್ಲ. ಚೀಟಿಯೊಂದನ್ನು ತೆಗೆದು ಪಟೇಲರ ಕೈಗೆ ಕೊಟ್ಟ. “ಇವರ ಮನೆಯವರು ಪಡೆದ ಚೀಟಿಯಲ್ಲೂ ಇದೇ ಇದೆ. ನಾನು ಯಾರ ಮಾತನ್ನೂ ಯಾರಿಗೂ ಹೇಳಿಲ್ಲ. ಪುಸ್ತಕದಲ್ಲಿರುವುದು ಬರಿಯ ಅಂಕಿ,” ಎಂದ.

ಪಟೇಲರು ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಕಷ್ಟಪಟ್ಟು ಓದಿದರು. ಅವರು ನ್ಯಾಯ ತಪ್ಪುವವರಲ್ಲ. “ಬರಹ ಸರಿಯಾಗಿದೆ. ಚೀಟಿ ಪಡೆದದ್ದೂ ನಿಜ. ದರ್ಜಿಯ ಮೇಲೆ ತಪ್ಪು ಹೊರಿಸಲು ಬರುವುದಿಲ್ಲ,” ಎಂದರು.

ಗಂಗಾಂಬಿಕೆಯ ಮುಖ ಸ್ವಲ್ಪ ಗೆಲುವಾಯಿತು. ಸ್ವಾಮಿಗಳು ಅದನ್ನು ನೋಡಿದರೂ ನೋಡದವರಂತೆ ಮುಂದುವರಿಸಿದರು.

ಜನ ಏಳುವುದರಲ್ಲಿದ್ದರು. ಹುಡುಗಿಯ ಅಜ್ಜಿ ಮಾತ್ರ ಕುಳಿತೇ ಇದ್ದಳು. “ತೀರ್ಪು ಕೊಟ್ಟಾಯಿತಲ್ಲ ಪಟೇಲರೇ, ಇನ್ನು ಆ ಪುಸ್ತಕವನ್ನು ಇತ್ತ ಕೊಡಿ,” ಎಂದಳು.

“ನಿನಗೆ ಅಕ್ಷರ ಬರುತ್ತದೆಯೇ, ಅಜ್ಜಿ?” ಎಂದು ದರ್ಜಿ ನಕ್ಕ.

“ಬರುವುದಿಲ್ಲಪ್ಪ. ಬಂದಿದ್ದರೆ ನಿನ್ನ ಚೀಟಿಯ ಬೆನ್ನನ್ನೂ ಓದುತ್ತಿದ್ದೆ. ಬಟ್ಟೆಯ ಗುರುತು ಬರುತ್ತದೆ, ಕೊಡು.”

ಅಜ್ಜಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಹಾಳೆ ಮಗುಚಿದಳು. ಅಕ್ಷರದ ಗೋಜಿಗೆ ಹೋಗಲಿಲ್ಲ. ನೆತ್ತಿಯಲ್ಲಿದ್ದ ತುಣುಕುಗಳನ್ನು ಹೆಬ್ಬೆರಳಿನಿಂದ ಸವರುತ್ತ ಹೋದಳು. “ಇದು ಶಾನುಭೋಗರ ಮನೆಯ ನೀಲಿ. ಇದು ಬಳೆಗಾರನ ಹೆಂಡತಿಯದು. ಬಣ್ಣ ಬಿಡುತ್ತದೆ, ಬೇಡ ಎಂದರೂ ಕೇಳಲಿಲ್ಲ. ಈ ಕೆಂಪು ನಿಮ್ಮ ಸೊಸೆಯದಲ್ಲವೇ, ಪಟೇಲರೇ? ಸೀಮಂತಕ್ಕೆ ಹೊಲಿಸಿದ್ದು. ಇದನ್ನೂ ವ್ಯಾಪಾರಿ ನೋಡಿರಬೇಕು.”

ಎದ್ದು ನಿಂತಿದ್ದ ಪಟೇಲರು ಮತ್ತೆ ಕುಳಿತುಕೊಂಡರು.

ಅಜ್ಜಿ ಕೊನೆಯ ಹಾಳೆಯವರೆಗೂ ಹೋದಳು. ಮತ್ತೆ ಮೊದಲಿನಿಂದ ಒಮ್ಮೆ ಮಗುಚಿದಳು. ಆಮೇಲೆ ತಲೆ ಎತ್ತಿದಳು. “ಏನಪ್ಪ ದರ್ಜಿ, ಹೋದ ವರ್ಷ ನಿನ್ನ ಮಗಳ ಮದುವೆಗೆ ಗಿಳಿಹಸಿರು ರವಿಕೆ ಹೊಲಿದೆಯಲ್ಲ, ಊರೆಲ್ಲ ಮುಟ್ಟಿಮುಟ್ಟಿ ನೋಡಿತು. ಆ ಹಸಿರು ಇದರಲ್ಲಿ ಎಲ್ಲಿ?”

ಪಟೇಲರು ಪುಸ್ತಕವನ್ನು ಈಸಿಕೊಂಡು ಹೊಲಿಗೆಯ ಬುಡದಲ್ಲಿ ನೋಡಿದರು. ನಡುವೆ ಒಂದು ಹಾಳೆಯನ್ನು ಬುಡಕ್ಕೆ ಕತ್ತರಿಸಿದ್ದರು. ಕತ್ತರಿ ನೂಲು ಹಿಡಿದಂತೆ ನೇರವಾಗಿ ಹೋಗಿತ್ತು. ಊರಿನಲ್ಲಿ ಅಷ್ಟು ನೇರವಾಗಿ ಕತ್ತರಿಸಬಲ್ಲವನು ಒಬ್ಬನೇ.

ವ್ಯಾಪಾರಿಗೆ ಪುಸ್ತಕ ಕೊಡುವ ದಿನ ದರ್ಜಿ ಆ ಹಾಳೆಯನ್ನು ತೆಗೆದಿದ್ದ. ಯಾಕೆ ಎಂದು ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ. ಅನ್ಯರ ಕೈಗೆ ಹೋಗುವ ಪುಸ್ತಕ, ಮಗಳದು ಅದರಲ್ಲಿ ಯಾಕಿರಬೇಕು ಎಂದು ಕೈಯೇ ಆ ಕೆಲಸ ಮುಗಿಸಿತ್ತು.

ಸ್ವಾಮಿಗಳು ಇಲ್ಲಿಗೆ ನಿಲ್ಲಿಸಿದರು. ದರ್ಜಿಗೆ ದಂಡ ಬಿತ್ತೇ, ಊರು ಬಿಟ್ಟನೇ, ಅದನ್ನು ತಿಳಿಯದೆ ಗಂಗಾಂಬಿಕೆಗೆ ಕತೆ ಮುಗಿದಂತೆ ಕಾಣಲಿಲ್ಲ. ಲೆಕ್ಕಾಚಾರದ ಹೆಂಗಸು; ಒಂದು ಕೆಲಸಕ್ಕೆ ಏನು ಬೆಲೆ ತೆರಬೇಕಾಗುತ್ತದೆಂದು ಮೊದಲೇ ತಿಳಿದುಕೊಳ್ಳುವುದು ಅವಳ ಅಭ್ಯಾಸ.

“ದರ್ಜಿಗೆ ಏನು ಶಿಕ್ಷೆ ಆಯಿತು, ಬುದ್ಧಿ?”

“ಏನೂ ಆಗಲಿಲ್ಲ. ಪಟೇಲರು ಕೊಟ್ಟ ತೀರ್ಪನ್ನು ಬದಲಿಸಲಿಲ್ಲ. ಚೀಟಿ ಚೀಟಿಯೇ. ಹೆಂಗಸರು ಆಮೇಲೂ ಅವನಲ್ಲಿಗೇ ಬಟ್ಟೆ ತಂದರು. ಬೇರೆ ದರ್ಜಿ ಇರಲಿಲ್ಲವಲ್ಲ. ಆದರೆ ಬಟ್ಟೆಯ ಜೊತೆಗೆ ಹಳೆಯದೊಂದು ರವಿಕೆ ತಂದು, ‘ಇದರ ಹಾಗೆಯೇ ಹೊಲಿ’ ಎನ್ನತೊಡಗಿದರು. ಪರದೆಯ ಒಳಗೆ ಯಾರೂ ಹೋಗಲಿಲ್ಲ. ಹಳೆಯ ರವಿಕೆಗೆ ಗೊತ್ತಿರುವುದು ಹೋದ ವರ್ಷದ ಮೈ. ಒಬ್ಬಳಿಗೆ ಕಂಕುಳು ಹಿಡಿಯಿತು, ಇನ್ನೊಬ್ಬಳಿಗೆ ಬೆನ್ನು ಜೋಲಿತು. ಹೆಂಗಸರು ಅದನ್ನೇ ತೊಟ್ಟರು. ಬಿಗಿಯಾದರೂ ಸರಿ, ಸಡಿಲವಾದರೂ ಸರಿ, ಅಳತೆ ಮಾತ್ರ ಕೊಡಲಿಲ್ಲ.”

“ಆ ಹುಡುಗಿ?”

“ಮುರಿದ ಸಂಬಂಧ ಕೂಡಲಿಲ್ಲ. ಅದನ್ನು ಕೂಡಿಸುವ ಅಧಿಕಾರ ಯಾವ ಪಟೇಲರಿಗೂ ಇರುವುದಿಲ್ಲ.”

ಗಂಗಾಂಬಿಕೆ ಯೋಚಿಸಿದಳು. ಅವಳ ಕಣ್ಣಿನ ಮುಂದೆ ನಲವತ್ತು ಯಂತ್ರಗಳಿದ್ದವು, ನಾಳೆಯ ಸಹಿ ಇತ್ತು. ದರ್ಜಿ ಎಡವಿದ್ದು ಎಲ್ಲಿ ಎಂದು ಹುಡುಕಿದಳು. ಒಂದು ದಾರಿ ಹೊಳೆಯಿತು.

“ಬುದ್ಧಿ, ಚೀಟಿಯ ಬೆನ್ನಿನ ಮೇಲೆ ಬರೆಸಿದ್ದು ತಪ್ಪಾಯಿತು. ಅದೇ ಮಾತನ್ನು ಮುಂಭಾಗದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿದ್ದರೆ ಆಗುತ್ತಿತ್ತಲ್ಲವೇ? ನಾನು ಷರತ್ತುಗಳನ್ನು ಎರಡು ಪುಟಕ್ಕೆ ಇಳಿಸಿ, ಕನ್ನಡದಲ್ಲೇ ಹಾಕಿಸುತ್ತೇನೆ. ಇನ್ನು ಮುಂದೆ ಬರುವವರು ಓದಿಯೇ ಒತ್ತಲಿ.”

“ಹಾಕಿಸು. ಒಳ್ಳೆಯದು,” ಎಂದರು ಸ್ವಾಮಿಗಳು. “ಈಗ ಕೊಡಬೇಕೆಂದಿರುವ ಪಟ್ಟಿ ಸಿದ್ಧವಾಗಿದೆಯೇ?”

“ಮೊನ್ನೆಯೇ ಸಿದ್ಧಮಾಡಿದೆ, ಬುದ್ಧಿ. ನಾನೇ ಕುಳಿತು ಮಾಡಿದೆ, ಬೇರೆಯವರ ಕೈಗೆ ಕೊಡಲಿಲ್ಲ.”

“ನಿನ್ನಲ್ಲಿ ಹೊಲಿಸಿಕೊಂಡವರೆಲ್ಲರೂ ಅದರಲ್ಲಿದ್ದಾರೋ?”

“ಎಲ್ಲರೂ ಇದ್ದಾರೆ, ಬುದ್ಧಿ. ನನ್ನದು, ನನ್ನ ಮಗಳದು, ತಂಗಿಯದು, ಈ ಮೂರು ಮಾತ್ರ ತೆಗೆದು...” ಎಂದವಳು ಅಲ್ಲಿಗೇ ತಡೆದಳು.

“ನನ್ನಲ್ಲಿಗೆ ಪ್ರಶ್ನೆ ತರುವ ಮೊದಲೇ ನೀನು ಮೂರು ಸಲ ಉತ್ತರ ಕೊಟ್ಟಾಗಿದೆ, ತಾಯಿ,” ಎಂದರು ಸ್ವಾಮಿಗಳು.