ಯಾರ ಮನೆಗೆ ಈ ಬಲೆ?

ಪರಮಪೂಜ್ಯ ನಿರ್ಮಮಾನಂದ ಸ್ವಾಮಿಗಳು ತಮ್ಮ ಕೊನೆಗಾಲವನ್ನು ತೋಪುಕೋಡಿಯ ಕಡಲ ದಂಡೆಯಲ್ಲಿ ಕಳೆದರು. ಅಲ್ಲಿ ಅವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಭಜನಾ ಮಂದಿರದ ಪಕ್ಕ ಮೀನುಗಾರರು ದೋಣಿಗೆಂದು ಕಟ್ಟಿದ್ದ ತೆಂಗಿನ ಮಡಲಿನ ಚಪ್ಪರದ ಒಂದು ಮೂಲೆಯೇ ಆಶ್ರಮ, ಮನೆಮನೆಯಿಂದ ಬರುವ ಗಂಜಿಯೇ ಭಿಕ್ಷೆ. ಮೀನಿನ ವಾಸನೆಯ ನಡುವೆ ಸನ್ಯಾಸಿಗಳೇ ಎಂದು ಮೂಗು ಮುರಿದ ಪೇಟೆಯ ಭಕ್ತರೂ ಇದ್ದರು. ಪೂಜ್ಯರು ನಕ್ಕುಬಿಡುತ್ತಿದ್ದರು.

ಆ ಊರಿನ ರಂಪಣಿಗೆ ಯಜಮಾನನಾಗಿದ್ದವನು ಬಚ್ಚ ಮರಕಾಲ. ರಂಪಣಿಯೆಂದರೆ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ. ಅದು ಒಬ್ಬನ ಸೊತ್ತಲ್ಲ. ಪ್ರತಿ ಮನೆಯವರೂ ಹೆಣೆದು ತಂದ ತುಂಡುಗಳನ್ನು ಸೇರಿಸಿ ಹೊಲಿದದ್ದು. ದೋಣಿಯವರು ಕಡಲಿನಲ್ಲಿ ಬಲೆಯನ್ನು ಅರೆವೃತ್ತವಾಗಿ ಬಳಸಿ ಬಿಟ್ಟು ಬಂದರೆ, ಅದರ ತೆಂಕಣ ಹಗ್ಗವನ್ನು ಒಂದು ಗುಂಪು, ಬಡಗಣ ಹಗ್ಗವನ್ನು ಇನ್ನೊಂದು ಗುಂಪು ಹಿಡಿದು ಎಳೆಯಬೇಕು. ಹಗ್ಗ ಮುಟ್ಟಿದವರಿಗೆಲ್ಲ ಪಾಲು ಎಂಬುದು ಹಿರಿಯರ ಕಾಲದಿಂದ ಬಂದ ಕ್ರಮ. ಮುಟ್ಟುವುದಕ್ಕಷ್ಟೇ ಶಕ್ತಿ ಉಳಿದಿದ್ದ ಮುದುಕಿಯರೂ ಹಗ್ಗದ ಬಾಲ ಹಿಡಿದು ಬುಟ್ಟಿ ತುಂಬಿಸಿಕೊಂಡು ಹೋಗುತ್ತಿದ್ದರು.

ಬಚ್ಚ ಮರಕಾಲ ಗಟ್ಟಿಗ, ಕಡಲನ್ನು ಅರೆದು ಕುಡಿದವನು. ಯಜಮಾನಿಕೆ ಕೈಗೆ ಬಂದದ್ದೇ ಅವನಿಗೆ ಈ ಕ್ರಮ ಸೋಮಾರಿಗಳನ್ನು ಸಾಕುವ ಉಪಾಯವಾಗಿ ಕಂಡಿತು. ಎಳೆಯಲಾರದವರು ಹಗ್ಗದ ಹತ್ತಿರ ಸುಳಿಯಬಾರದೆಂದು ಕಟ್ಟು ಮಾಡಿದ. ಸಾಲದ್ದಕ್ಕೆ ಎರಡು ಗುಂಪುಗಳ ನಡುವೆ ಪಂಥ ಹಚ್ಚಿದ. ಯಾರು ಮೊದಲು ಎಳೆದು ಮುಗಿಸುತ್ತಾರೋ ಅವರಿಗೆ ಹೆಚ್ಚು ಪಾಲು. ಕೆಲವು ದಿನ ಹಗ್ಗಗಳು ಬಿಲ್ಲಿನಂತೆ ಬಿಗಿದವು. ಬಚ್ಚ ಮೀಸೆ ತಿರುವಿದ.

ಆಮೇಲೆ ಬಲೆ ಓರೆಯಾಗತೊಡಗಿತು. ಒಂದು ಕಡೆ ಬೇಗ ಬಂದರೆ ಇನ್ನೊಂದು ಕಡೆ ತೆರಪು ಬಿಡುತ್ತದೆ, ಮೀನು ಅಲ್ಲಿಂದ ಜಾರಿಕೊಳ್ಳುತ್ತದೆ. ತಪ್ಪು ತೆಂಕಣವರದ್ದೆಂದು ಬಡಗಣವರು, ಬಡಗಣವರದ್ದೆಂದು ತೆಂಕಣವರು. ಬೈಗುಳ ಹೋಗಿ ಕೈ ಕೈ ಮಿಲಾಯಿಸುವವರೆಗೂ ಬಂತು. ಕೊನೆಗೆ ಒಂದು ಬೆಳಿಗ್ಗೆ ಊರವರು ಬಲೆಯನ್ನು ಮರಳ ಮೇಲೆ ಹರವಿ, ಹೊಲಿಗೆ ಬಿಚ್ಚಿ ತಂತಮ್ಮ ತುಂಡು ಒಯ್ಯಲು ಕೂತರು. ಬಿಚ್ಚಿದ ರಂಪಣಿ ಮತ್ತೆ ಕೂಡಿದ ಉದಾಹರಣೆ ಆ ದಂಡೆಯಲ್ಲಿ ಇರಲಿಲ್ಲ. ಬಚ್ಚನ ಎದೆ ಒಡೆಯಿತು.

ಸನ್ಯಾಸಿಗಳೆಂದರೆ ಕೂತು ಉಣ್ಣುವವರು ಎಂದು ಊರೆಲ್ಲ ಆಡಿಕೊಂಡು ತಿರುಗಿದ್ದ ಬಚ್ಚ ಅಂದು ಚಪ್ಪರದೊಳಕ್ಕೆ ಬಂದು ನಿಂತ. ನಮಸ್ಕಾರ ಮಾಡಲು ಸೊಂಟ ಬಗ್ಗಲಿಲ್ಲ.

"ಬಲಿ ಬಿಚ್ಚೂಕೆ ಕೂತಿದ್ರ್, ಸ್ವಾಮ್ಯೋರೆ. ನೀವೊಂದ್ ಮಾತ್ ಹೇಳಿ. ನಿಮ್ ಮಾತ್ ಊರವ್ರ್ ಕೇಂತ್ರ್."

ಪೂಜ್ಯರು ಕೇಳಿದರು, "ಬಲೆ ಎಳೆಯುವಾಗ ನೀನು ಏನೆಂದು ಕೂಗುತ್ತೀ?"

"ಎಂತ ಕೂಗುದ್? ಆಚಿಯವ್ರ್ ಮುಂದೆ ಹೋದ್ರ್, ಎಳೀರಿ ಅಂತ."

"ಅವರಿಗೆ ನೀನು ಆಚೆಯವರನ್ನು ತೋರಿಸಿದೆ, ಬಚ್ಚ. ಬಲೆ ಯಾರಿಗೆಂದು ತೋರಿಸಲಿಲ್ಲ."

ಅಷ್ಟೇ ಹೇಳಿ ಕೋಲೂರಿಕೊಂಡು ಎದ್ದರು. ಬಚ್ಚನಿಗೆ ಸಿಟ್ಟು ನೆತ್ತಿಗೇರಿತು. ತಾನು ಬೇಡಿದ್ದು ಒಂದು ಅಪ್ಪಣೆ, ಸಿಕ್ಕಿದ್ದು ಬುದ್ಧಿವಾದ. ಆದರೂ ಬೇರೆ ದಾರಿ ಕಾಣದೆ ಹಿಂದೆ ಹೋದ.

ಪೂಜ್ಯರು ದಂಡೆಗೆ ಇಳಿದದ್ದು ಕಂಡು ಜನ ಎದ್ದು ನಿಂತರು. "ಒಂದು ಸಲ ಬಲೆ ಬಿಡಿ. ಆಮೇಲೆ ನಿಮ್ಮಿಷ್ಟ" ಎಂದರು ಅವರು. ಯಾರಿಗೂ ಇಲ್ಲವೆನ್ನಲಾಗಲಿಲ್ಲ. ದೋಣಿ ಹೋಗಿ ಬಂತು. ಗುಂಪುಗಳು ಮುಖ ತಿರುಗಿಸಿಕೊಂಡೇ ಹಗ್ಗ ಹಿಡಿದವು. ಆಗ ಪೂಜ್ಯರು ಕೋಲನ್ನು ಮರಳಿಗೆ ಊರಿ, ತೆಂಕಣ ಹಗ್ಗದ ಬಾಲಕ್ಕೆ ಬಂದು ಕೈಯಿಟ್ಟರು.

ಎಂಬತ್ತು ದಾಟಿದ ದೇಹ, ನಡುಗುವ ಬೆರಳು. ಒಂದು ಗೇಣು ಹಗ್ಗವನ್ನೂ ಎಳೆಯುವ ತ್ರಾಣವಿಲ್ಲ. ಎಲ್ಲರ ಕಣ್ಣೂ ಬಚ್ಚನತ್ತ ತಿರುಗಿದವು. ಕಟ್ಟು ಮಾಡಿದವನು ಅವನೇ. ಈಗ ಪೂಜ್ಯರನ್ನೂ ಹಗ್ಗದಿಂದ ಬಿಡಿಸುತ್ತಾನೆಯೇ?

ಬಚ್ಚನಿಗೆ ಕಂಡದ್ದು ಆ ಕೈಗಳು ಮಾತ್ರ. ಅಂಥವೇ ಕೈಗಳನ್ನು ಅವನು ಹಗ್ಗದಿಂದ ಬಿಡಿಸಿ ತಳ್ಳಿದ್ದ. ಅಕ್ಕು ಮರಕಾಲ್ತಿಯ ಕೈಗಳು. ಅವಳ ಗಂಡ ಇದೇ ಬಲೆ ಬಿಡಲು ಹೋದವನು ಹಿಂದಿರುಗಿರಲಿಲ್ಲ. ಬಲೆಯ ಒಂದು ತುಂಡು ಅವಳೇ ಹೆಣೆದದ್ದು. ತಳ್ಳಿದ ದಿನ ಅವಳು ಜಗಳವಾಡಲಿಲ್ಲ, ಖಾಲಿ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹೋಗಿದ್ದಳು. ನಾಚಿಕೆ ಅವನನ್ನು ಹಿಂಡಿಹಾಕಿತು.

ಅವನು ಓಡಿದ. ತೋಪಿನಾಚೆಯ ಗುಡಿಸಲಿನ ಎದುರು ನಿಂತು, "ಅಕ್ಕಕ್ಕಾ, ತಪ್ಪಾಯ್ತ್, ಹಗ್ಗ ಮುಟ್ಟೂಕೆ ಬಾ" ಎಂದ. ಅವಳು ಒಂದು ಗಳಿಗೆ ಅವನ ಮುಖವನ್ನೇ ನೋಡಿ, ಸೆರಗು ಸಿಕ್ಕಿಸಿಕೊಂಡು ಹೊರಟಳು. ಅವಳನ್ನು ಕೈ ಹಿಡಿದು ತಂದು ಪೂಜ್ಯರ ಪಕ್ಕದಲ್ಲಿ ನಿಲ್ಲಿಸಿದ. ಆಮೇಲೆ ತಾನು ಎರಡೂ ಗುಂಪುಗಳ ನಡುವೆ, ಅಲೆ ಬಡಿಯುವಲ್ಲಿ, ಮೊಣಕಾಲುದ್ದ ನೀರಿಗೆ ಇಳಿದು ಕೂಗಿದ.

"ಅಕ್ಕು ಮನಿಗೆ!"

ಯಾರೂ ಅಲುಗಲಿಲ್ಲ. ಅವನು ಮತ್ತೆ ಕೂಗಿದ. ತೆಂಕಣ ಗುಂಪಿನಿಂದ ಒಬ್ಬ "ಹೋ!" ಎಂದು ಎಳೆದ. ಬಡಗಣ ಗುಂಪಿನಿಂದಲೂ "ಹೋ!" ಬಂತು. ಆಮೇಲೆ ಬಚ್ಚ ಒಂದೊಂದೇ ಮನೆಯ ಹೆಸರು ಕೂಗುತ್ತ ಹೋದ, ಹಾಸಿಗೆ ಹಿಡಿದವನೊಬ್ಬನ ಮನೆಗೆ ಒಮ್ಮೆ, ಬಾಣಂತಿಯೊಬ್ಬಳ ಮನೆಗೆ ಒಮ್ಮೆ. ಒಂದೊಂದು ಮನೆಯ ಹೆಸರಿಗೂ ಎರಡು ಹಗ್ಗಗಳು ಒಟ್ಟಿಗೇ ಬಂದವು. ಆಚೆಯವರು ಎಷ್ಟು ಎಳೆದರೆಂದು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಬಲೆ ನೆಟ್ಟಗೆ ದಡ ಸೇರಿತು.

ಅಂದು ಬಿದ್ದ ಮೀನು ಹೇಳಿಕೊಳ್ಳುವಷ್ಟೇನೂ ಇರಲಿಲ್ಲ. ಪವಾಡವೆಂದು ಉಬ್ಬಿಸಿ ಹೇಳುವವರ ಮಾತನ್ನು ನಂಬಬೇಕಾಗಿಲ್ಲ. ಆದರೆ ಪಾಲಾದ ಮೇಲೆ ಯಾರೂ ಹೊಲಿಗೆ ಬಿಚ್ಚಲು ಕೂರಲಿಲ್ಲ. ಬಚ್ಚ ಪೂಜ್ಯರ ಪಾದದ ಬಳಿ ಮರಳಿಗೆ ಹಣೆ ಹಚ್ಚಿ ಬಹಳ ಹೊತ್ತು ಅತ್ತ. ಪೂಜ್ಯರು ಅವನ ಬೆನ್ನ ಮೇಲೆ ಕೈಯಿಟ್ಟರು.

ಮುಂದಿನ ವರ್ಷ ಪೂಜ್ಯರು ಅದೇ ಚಪ್ಪರದಲ್ಲಿ ದೇಹ ಬಿಟ್ಟರು. ಬಚ್ಚ ಮರಕಾಲ ಬಹುಕಾಲ ಬಾಳಿ, ಮನೆಗಳ ಹೆಸರು ಕೂಗುತ್ತಲೇ ರಂಪಣಿ ನಡೆಸಿದ. ಕೊನೆಗೆ ಅವನ ಕೈಕಾಲೂ ಸೋತವು. ಯಜಮಾನಿಕೆ ಬೇರೆಯವರಿಗೆ ಹೋಯಿತು. ಇನ್ನು ಪಾಲು ಕೇಳುವ ಮುಖ ತನಗಿಲ್ಲವೆಂದುಕೊಂಡು ಅವನು ದಂಡೆಗೆ ಹೋಗುವುದನ್ನು ಬಿಟ್ಟ. ಒಂದು ಬೆಳಿಗ್ಗೆ ಜಗಲಿಯಲ್ಲಿ ಕೂತಿದ್ದಾಗ ಕಡಲ ಕಡೆಯಿಂದ ಹೊಸ ಯಜಮಾನನ ಕೂಗು ಕೇಳಿಸಿತು.

"ಬಚ್ಚಣ್ಣನ ಮನಿಗೆ!"

ಎರಡೂ ಕಡೆಯಿಂದ "ಹೋ!" ಎಂದರು. ಮುದುಕ ಗೋಡೆ ಹಿಡಿದು ಎದ್ದು, ಹಗ್ಗ ಮುಟ್ಟಲು ಹೊರಟ.